ಒಂದೇ ರೊಟ್ಟಿ ಸಾಕೆಂದ ಅಜ್ಜಾರು: ಕೊಪ್ಪಳದ ಒಂದು ಪ್ರಕರಣ ಅಧ್ಯಯನ

ಮನೆಯಿಲ್ಲದವರ ಒಡನಾಟದಿಂದ ಆಧ್ಯಾತ್ಮಿಕ ಪಾಠ ಕಲಿಯಬಹುದೆಂಬ ಮಾತನ್ನು ನಮ್ಮ ಸತ್ಸಂಗಗಳು ಹೆಚ್ಚು ಚರ್ಚೆಯಿಲ್ಲದೆ ಒಪ್ಪಿಕೊಂಡುಬಿಡುತ್ತವೆ. ಬೀದಿಯಲ್ಲಿ ಮಲಗುವವರಲ್ಲಿ ಸಂತೃಪ್ತಿಯನ್ನೂ ನಿರ್ಮೋಹವನ್ನೂ ಕಂಡು, ಅದನ್ನು ನಮ್ಮ ಆಸೆಬುರುಕತನಕ್ಕೆ ಹೋಲಿಸಿ, ಮನಸ್ಸು ಸ್ವಲ್ಪ ಹಗುರಾಗಿ ಮನೆಗೆ ಮರಳುವುದು ನಮಗೆ ರೂಢಿಯಾಗಿದೆ. ಕೊಪ್ಪಳದ ಒಂದು ಸಣ್ಣ ದಾಸೋಹ ಬಳಗದಲ್ಲಿ ನಡೆದ ಈ ಪ್ರಕರಣವು, ಅಂಥ ಪಾಠ ಯಾವಾಗ ನಿಜವಾಗುತ್ತದೆ, ಯಾವಾಗ ಎದುರಿಗಿರುವ ಮನುಷ್ಯನನ್ನೇ ಮರೆಮಾಡಿಬಿಡುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಡುವುದರಿಂದ, ಇಂಥ ಸೇವೆಯಲ್ಲಿ ತೊಡಗಿರುವ ಇತರ ಬಳಗಗಳಿಗೆ ಉಪಯೋಗವಾದೀತೆಂದು ಇದನ್ನು ಬರೆದಿದ್ದೇನೆ. ಬರೆಯುವುದಕ್ಕೆ ಬಳಗದವರೂ, ಪ್ರಕರಣದ ನಡುವಿನಲ್ಲಿರುವ ಹಿರಿಯರೂ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಹಳ್ಳಿ ಮತ್ತು ಗುರುತು ಹಿಡಿಯಬಹುದಾದ ಇತರ ವಿವರಗಳನ್ನು ಬಿಟ್ಟಿದ್ದೇನೆ. ಬಳಗದವರು ಆ ಹಿರಿಯರನ್ನು ಅಜ್ಜಾರು ಎಂದು ಕರೆಯುತ್ತಾರೆ. ಇಲ್ಲಿಯೂ ಅದೇ ಇರಲಿ.

ಬಳಗ ಮತ್ತು ಅದರ ಸೋಮವಾರ

ಅನ್ನ ನೀಡುವುದನ್ನು ಕೊಪ್ಪಳಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪುಷ್ಯ ಬಹುಳ ಬಿದಿಗೆಯಂದು ತೇರೆಳೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳು ತಿಂಗಳ ಮೊದಲಿನಿಂದಲೇ ರೊಟ್ಟಿ ಬಡಿದಿಡುತ್ತವೆ. ಆ ರೊಟ್ಟಿ, ಮಾದಲಿ, ದವಸ, ಕಾಯಿಪಲ್ಯಗಳು ಟ್ರ್ಯಾಕ್ಟರು ಚಕ್ಕಡಿಗಳಲ್ಲಿ ಗವಿಮಠದ ಆವರಣಕ್ಕೆ ಬರುತ್ತವೆ, ಮತ್ತು ಮಹಾದಾಸೋಹದ ಸಾಲುಗಳಲ್ಲಿ ಲಕ್ಷಾಂತರ ಜನ ಕುಳಿತು ಉಣ್ಣುತ್ತಾರೆ. ಆ ಸಾಲಿನಲ್ಲಿ ಯಾರಿಗೆ ಮನೆಯಿದೆ, ಯಾರಿಗಿಲ್ಲ ಎಂದು ಯಾರೂ ಕೇಳುವುದಿಲ್ಲ. ಜಾತ್ರೆ ಮುಗಿದ ಮೇಲೆ ಮನೆಯಿದ್ದವರು ಮನೆಗೆ ಹೋಗುತ್ತಾರೆ. ಉಳಿದವರು ರೈಲು ನಿಲ್ದಾಣದ ಹೊರಗಿನ ಕಟ್ಟೆಗೋ, ಬಸ್ ನಿಲ್ದಾಣದ ಮೂಲೆಗೋ, ಮುಚ್ಚಿದ ಅಂಗಡಿಗಳ ಮುಂದಿನ ಮೆಟ್ಟಿಲಿಗೋ ಹಿಂದಿರುಗುತ್ತಾರೆ.

ಈ ಬಳಗ ಹುಟ್ಟಿದ್ದು ಅಲ್ಲಿಂದಲೇ. ಒಂದೇ ಓಣಿಯ ಕೆಲವು ಕುಟುಂಬಗಳು, ಜಾತ್ರೆಯ ದಾಸೋಹದ ಭಾವ ವರ್ಷವಿಡೀ ತಮ್ಮಲ್ಲಿ ಉಳಿಯಲಿ ಎಂದು, ಪ್ರತಿ ಸೋಮವಾರ ಸಂಜೆ ರೊಟ್ಟಿ, ಪಲ್ಯ, ಅನ್ನ, ಸಾರು ಮಾಡಿಕೊಂಡು ನಿಲ್ದಾಣದ ಕಡೆಗೆ ಹೋಗಲಾರಂಭಿಸಿದವು. ಒಬ್ಬ ನಿವೃತ್ತ ಶಿಕ್ಷಕರು ಇದರ ಹಿರಿಯರು. ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಖರ್ಚಿನ ದೊಡ್ಡ ಪಾಲು ಹೊರುತ್ತಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ತರುಣಿಯೊಬ್ಬರು ಲೆಕ್ಕ ನೋಡುತ್ತಾರೆ. ರೊಟ್ಟಿಯ ಹೊಣೆಯನ್ನು ಬಹುಮಟ್ಟಿಗೆ ಒಬ್ಬ ಗೃಹಿಣಿ ಹೊತ್ತಿದ್ದಾರೆ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಾರೆ.

ಊಟ ನೀಡಿ ಬಂದ ಮೇಲೆ ಶಿಕ್ಷಕರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕುಳಿತು ಸ್ವಲ್ಪ ಹೊತ್ತು ಧ್ಯಾನ ಮಾಡಿ, ಆ ದಿನ ಕಂಡವರಿಂದ ತಾವು ಏನು ಕಲಿತೆವೆಂಬುದನ್ನು ಒಬ್ಬೊಬ್ಬರಾಗಿ ಹೇಳುವ ಪದ್ಧತಿಯಿತ್ತು. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ನೀಡಿದ್ದು ನಾವು ಎಂಬ ಅಹಂಕಾರ ಹುಟ್ಟದಿರಲೆಂದು, ಪಡೆದದ್ದು ನಾವು ಎಂದು ನೆನಪಿಸಿಕೊಳ್ಳುವುದಕ್ಕಾಗಿ ಅವರು ಅದನ್ನು ಇಟ್ಟುಕೊಂಡಿದ್ದರು. ಶರಣರ ದಾರಿಯಲ್ಲಿ ದಾಸೋಹಕ್ಕೂ ದಾನಕ್ಕೂ ಇರುವ ಅಂತರವೇ ಅದು: ದಾನ ಮಾಡಿದವನಿಗೆ ಪುಣ್ಯದ ಲೆಕ್ಕವಿರುತ್ತದೆ, ದಾಸೋಹ ಮಾಡುವವನು ಎದುರಿಗೆ ಕುಳಿತವನಲ್ಲಿ ದೇವರನ್ನು ಕಂಡು ತಾನು ಬಾಗುತ್ತಾನೆ.

ಆ ಪಡಸಾಲೆಯ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವರು ಅಜ್ಜಾರು. ಎಷ್ಟು ಒತ್ತಾಯ ಮಾಡಿದರೂ ಅವರು ಒಂದಕ್ಕಿಂತ ಹೆಚ್ಚು ರೊಟ್ಟಿ ತೆಗೆದುಕೊಳ್ಳುತ್ತಿರಲಿಲ್ಲ. "ಸಾಕ್ರಿ, ಒಂದ ಸಾಕು" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ನಾಳೆಗೆಂದು ಕಟ್ಟಿಟ್ಟುಕೊಳ್ಳುವವರ ನಡುವೆ ಅವರ ಆ ನಡೆ ಎದ್ದು ಕಾಣುತ್ತಿತ್ತು. ಅವರಿಂದ ಅಪರಿಗ್ರಹ, ಅಂದರೆ ಏನನ್ನೂ ಕೂಡಿಡದಿರುವುದನ್ನು, ಕಲಿತೆ ಎಂದು ಒಬ್ಬರು ಹೇಳಿದರೆ, ನಾಳೆಯ ಚಿಂತೆಯಿಲ್ಲದ ಶರಣಾಗತಿಯನ್ನು ಕಲಿತೆ ಎಂದು ಇನ್ನೊಬ್ಬರು ಹೇಳುತ್ತಿದ್ದರು. ಓಣಿಯ ಕಾರ್ಯಕ್ರಮವೊಂದರಲ್ಲಿ ಶಿಕ್ಷಕರು ಅವರ ಉದಾಹರಣೆ ಕೊಟ್ಟು ಮಾತನಾಡಿದ್ದೂ ಉಂಟು.

ರೊಟ್ಟಿಯ ನಿಜವಾದ ಕಾರಣ

ಮಳೆಗಾಲದ ಒಂದು ಸೋಮವಾರ ಅಕ್ಕಾರು ನೀಡುವುದನ್ನು ಬೇರೆಯವರಿಗೆ ವಹಿಸಿ, ಉಣ್ಣುವವರ ಹತ್ತಿರ ನೆಲದ ಮೇಲೆಯೇ ಕುಳಿತರು. ರೊಟ್ಟಿ ಬಡಿಯುವ ಕೈಗೆ, ತನ್ನ ರೊಟ್ಟಿಯನ್ನು ಯಾರು ಹೇಗೆ ಮುರಿಯುತ್ತಾರೆ ಎಂಬುದು ಕಾಣದೆ ಇರುವುದಿಲ್ಲ. ಒಣಗಿಸಿ ಗಟ್ಟಿಯಾಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಂಚುವುದಕ್ಕೆ ಸುಲಭ. ಆದ್ದರಿಂದ ಬಳಗ ಅದನ್ನೇ ಒಯ್ಯುತ್ತಿತ್ತು. ಅಜ್ಜಾರು ಆ ಒಂದು ರೊಟ್ಟಿಯನ್ನೂ ಚೂರು ಮಾಡಿ ಸಾರಿನಲ್ಲಿ ಅದ್ದಿಟ್ಟು, ಬಹಳ ಹೊತ್ತು ಕಾದು, ಬಾಯಿಯ ಒಂದೇ ಬದಿಯಿಂದ ಮೆಲ್ಲುತ್ತಿದ್ದುದನ್ನು ಕಂಡು ಅವರು ವಿಚಾರಿಸಿದರು. ಬಂದ ಉತ್ತರ ಇದು: "ಹಲ್ಲ ಎಲ್ಲಿ ಅದಾವ್ರಿ ಯಕ್ಕಾ ನನಗ? ನೆನಸ್ಕೊಂಡು ತಿನ್ನೂದ್ರಾಗ ಸಾಕಾಗತೈತಿ. ಈಗೀಗ ಹಸಿವೀನೂ ಆಗವಲ್ದು." ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಕೊಟ್ಟದ್ದಕ್ಕ ಹೆಸರಿಡಬಾರದ್ರಿ" ಎಂದರು.

ಈ ಕೊನೆಯ ಮಾತಿನ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ಪಡೆಯುವವನಿಗೆ ಒಂದು ಶಿಷ್ಟಾಚಾರವಿದೆ, ಅದನ್ನು ಅವನು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾನೆ. ಕೊಟ್ಟ ಕೈಗೆ ನೋವಾಗಬಾರದೆಂದು ತನ್ನ ಅಡಚಣೆಯನ್ನು ನುಂಗಿಕೊಳ್ಳುತ್ತಾನೆ. ಹಾಗೆ ನುಂಗಿಕೊಂಡ ಮೌನವೇ ಪಡಸಾಲೆಯಲ್ಲಿ ಅಪರಿಗ್ರಹವಾಗಿ, ಶರಣಾಗತಿಯಾಗಿ ಕಾಣಿಸಿತ್ತು. ಅಜ್ಜಾರಲ್ಲಿ ಸಂಯಮವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆ ಸಂಯಮ ರೊಟ್ಟಿಯ ಲೆಕ್ಕದಲ್ಲಿರಲಿಲ್ಲ, ನೀಡುವವರ ಮನಸ್ಸನ್ನು ಕಾಪಾಡುವುದರಲ್ಲಿತ್ತು. ಅದನ್ನು ಕಾಣುವುದಕ್ಕೆ ಹತ್ತಿರ ಕುಳಿತು ಒಂದು ಪ್ರಶ್ನೆ ಕೇಳಬೇಕಾಗಿತ್ತು.

ಹಸಿವಾಗುವುದಿಲ್ಲ ಎಂಬ ಮಾತು ಅಕ್ಕಾರನ್ನು ಬಿಡಲಿಲ್ಲ. ಅಜ್ಜಾರು ಸೊರಗಿದ್ದರು, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ ಎನ್ನುತ್ತಿದ್ದರು. ಕೆಮ್ಮು ಬಹಳ ದಿನದಿಂದ ಇತ್ತು; ಬೀಡಿಯ ಕೆಮ್ಮೆಂದು ಎಲ್ಲರೂ ಸುಮ್ಮನಿದ್ದರು. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫದ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ನಿಯಮ. ಬ್ಯಾಂಕಿನ ತರುಣಿಯೂ ಅಕ್ಕಾರೂ ಜೊತೆಗೆ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದ ಕ್ಷಯವೆಂದು ತಿಳಿಯಿತು. ಅಲ್ಲಿಗೆ, ಬಳಗ ತಿಂಗಳುಗಟ್ಟಲೆ ವೈರಾಗ್ಯವೆಂದು ಕೊಂಡಾಡಿದ್ದರಲ್ಲಿ ಅರ್ಧ ಹಲ್ಲಿಲ್ಲದ ಬಾಯಿಯದು, ಇನ್ನರ್ಧ ಒಂದು ರೋಗದ ಲಕ್ಷಣ ಎಂದಾಯಿತು.

ಚಿಕಿತ್ಸೆಯ ಕ್ರಮ ಸರಳವಾಗಿದೆ, ಔಷಧ ಪೂರ್ತಿ ಉಚಿತ. ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧ, ನಂತರದ 4 ತಿಂಗಳು ಮೂರು ಔಷಧ, ಒಂದು ದಿನವೂ ತಪ್ಪದೆ. ಮನೆಯಿರುವವರಿಗೇ ಕಷ್ಟವಾಗುವ ಈ ನಿಯಮ, ಮಾತ್ರೆಗಳನ್ನು ಇಡಲು ಒಣ ಜಾಗವೂ ಇಲ್ಲದವರಿಗೆ ಇನ್ನೂ ಕಷ್ಟ. ಮಾತ್ರೆಯ ಪಟ್ಟಿಗಳನ್ನು ನಿಲ್ದಾಣದ ಎದುರಿನ ಚಹಾ ಅಂಗಡಿಯವರು ತಮ್ಮ ಡಬ್ಬಿಯಲ್ಲಿ ಇಟ್ಟುಕೊಂಡರು, ಬೆಳಿಗ್ಗೆ ಚಹಾದ ಜೊತೆ ಕೊಟ್ಟರು. ಆಶಾ ಕಾರ್ಯಕರ್ತೆ ವಾರವಾರ ಬಂದು ನೋಡಿದರು, ಅಜ್ಜಾರ ಪಕ್ಕದಲ್ಲಿ ಮಲಗುವವರನ್ನೂ ತಪಾಸಣೆಗೆ ಕರೆದೊಯ್ದರು. ಕಟಕ ರೊಟ್ಟಿಯ ಬದಲು ಅಕ್ಕಾರು ಜೋಳದ ನುಚ್ಚು, ಮಜ್ಜಿಗೆ, ಮೆತ್ತನೆಯ ಬೇಳೆ ಕಳಿಸಿದರು. ಈ ಭಾಗದಲ್ಲಿ ಧ್ಯಾನದ ಮಾತು ಎಲ್ಲಿಯೂ ಬರುವುದಿಲ್ಲ, ಆದರೂ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಆಧ್ಯಾತ್ಮಿಕವಾಗಿ ಕಾಣುವುದು ಇದೇ.

ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಅಜ್ಜಾರಿಗೆ ಖಾತೆಯಿರಲಿಲ್ಲ, ಆಧಾರ್ ಚೀಟಿ ಮಳೆಯಲ್ಲಿ ಹೋಗಿತ್ತು. ವರ್ಷಾನುಗಟ್ಟಲೆ ಗೌಂಡಿ ಕೆಲಸ ಮಾಡಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲವಾದ್ದರಿಂದ ಬೆರಳಚ್ಚು ಹೊಂದಲಿಲ್ಲ. ಕೊನೆಗೆ ಕಣ್ಣಿನ ಗುರುತಿನಿಂದ ಕೆಲಸವಾಯಿತು.

"ನೀಡಾಕ ಕರೆಯಂಗಿಲ್ಲ"

ಪ್ರಕರಣದ ಎರಡನೆಯ ತಿರುವು ಆಸ್ಪತ್ರೆಯ ಓಡಾಟದ ನಡುವೆಯೇ ಬಂತು. ಒಂದು ಸಂಜೆ ಅಜ್ಜಾರು ಶಿಕ್ಷಕರನ್ನು ಕರೆದು, "ಗುರುಗಳ, ವಾರಾ ವಾರಾ ಉಣ್ಣಾಕ ಕರೀತೀರಿ, ನೀಡಾಕ ಕರೆಯಂಗಿಲ್ಲ. ನಾನೂ ನೀಡತೀನ್ರಿ" ಎಂದರು. ಶಿಕ್ಷಕರು ನಕ್ಕು, "ನೀವು ಆರಾಮಾಗ್ರಿ ಮೊದಲ" ಎಂದು ಹೇಳಿ ಬಂದರು. ಆದರೆ ಅಂದಿನ ಪಡಸಾಲೆಯಲ್ಲಿ ಆ ಮಾತು ಎದ್ದು ನಿಂತಿತು.

ವೈದ್ಯರ ಅಭಿಪ್ರಾಯದ ಬಗ್ಗೆ ಯಾರಿಗೂ ಭಿನ್ನಮತವಿರಲಿಲ್ಲ. ಸರಿಯಾದ ಔಷಧ ಆರಂಭವಾದ ಕೆಲವು ವಾರಗಳಲ್ಲಿ ಸೋಂಕು ಹರಡುವ ಶಕ್ತಿ ಬಹಳ ಕುಗ್ಗುತ್ತದೆ. 2 ತಿಂಗಳ ನಂತರದ ಕಫ ಪರೀಕ್ಷೆ ಶುದ್ಧವಾಗಿ ಬಂದ ಮೇಲೆ ಅವರು ನೀಡಬಹುದು ಎಂದಾಗಿತ್ತು. ಭಿನ್ನಮತವಿದ್ದುದು ಅದರ ಆಚೆಗೆ. ಅಂಗಡಿ ಮಾಲೀಕರು ಶುಚಿತ್ವದ ಪ್ರಶ್ನೆ ಎತ್ತಿದರು: ಸ್ನಾನ ಮಾಡಿ ಮಡಿಬಟ್ಟೆಯುಟ್ಟು ನೀಡಬೇಕೆಂಬುದು ಬಳಗದ ನೇಮ, ಬೀದಿಯಲ್ಲಿ ಇರುವವರು ಅದನ್ನು ಹೇಗೆ ಪಾಲಿಸಿಯಾರು? ಶಿಕ್ಷಕರ ಆಕ್ಷೇಪ ಇನ್ನೂ ಆಳದ್ದು. ಉಣ್ಣಲು ಬಂದವರು ಜಂಗಮ ಸ್ವರೂಪಿಗಳು, ಅಂದರೆ ನಡೆದಾಡುವ ದೇವರು, ಅವರ ಕೈಯಿಂದ ಸೇವೆ ಮಾಡಿಸಿಕೊಳ್ಳುವುದು ದಾಸೋಹದ ಭಾವಕ್ಕೇ ವಿರುದ್ಧ ಎಂದು ಅವರು ಶ್ರದ್ಧೆಯಿಂದ ನಂಬಿದ್ದರು. ಅಕ್ಕಾರು ಮಾತ್ರ, "ಬ್ಯಾಡ ಅನ್ನಾಕ ನಾವ್ಯಾರ್ರಿ?" ಎಂದು ಕೇಳಿದರು.

ಶಿಕ್ಷಕರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರಲ್ಲಿ ನಿಜವಾದ ಭಕ್ತಿಯಿದೆ. ಆದರೂ ನಾನು ಅದನ್ನು ಒಪ್ಪುವುದಿಲ್ಲ. ಶರಣರ ದಾರಿಯಲ್ಲಿ ಕಾಯಕ ಮತ್ತು ದಾಸೋಹ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ. ಕಾಯಕದಿಂದ ಬಂದದ್ದು ದಾಸೋಹವಾಗಿ ಹರಿಯಬೇಕು, ಮತ್ತು ಈ ದಾರಿ ಯಾರಿಗೂ ಮುಚ್ಚಿದ್ದಲ್ಲ. ಒಬ್ಬ ಮನುಷ್ಯನಿಗೆ ವರ್ಷಗಟ್ಟಲೆ ಉಣ್ಣಿಸುತ್ತ, ಅವನಿಗೆ ಕಾಯಕದ ಅವಕಾಶವನ್ನೇ ಕೊಡದಿದ್ದರೆ, ನಾವು ಅವನನ್ನು ಎಷ್ಟೇ ಪೂಜ್ಯನೆಂದು ಕರೆದರೂ, ನಾವು ನಡೆಯುವ ದಾರಿಯ ಹೊರಗೇ ಅವನನ್ನು ಕೂರಿಸಿದಂತಾಗುತ್ತದೆ. ಪೀಠದ ಮೇಲೆ ಕೂರಿಸಿ ಕೈ ಕಟ್ಟಿಹಾಕುವುದು ಗೌರವವಾಗಲಾರದು.

ಇದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಕಿರುಶಾಸನವೊಂದಿದೆ. ಕ್ರಿಸ್ತಪೂರ್ವ 3ನೇ ಶತಮಾನದ, ಪ್ರಾಕೃತ ಭಾಷೆಯ, ಬ್ರಾಹ್ಮಿ ಲಿಪಿಯ ಆ ಬರಹದ ಒಂದು ತಾತ್ಪರ್ಯವೆಂದರೆ, ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಪ್ರಯತ್ನಪಟ್ಟರೆ ಚಿಕ್ಕವರೂ ಅದನ್ನು ಪಡೆಯಬಲ್ಲರು ಎಂಬುದು. ಬ್ಯಾಂಕಿನ ತರುಣಿ ಆ ಚರ್ಚೆಯಲ್ಲಿ ಇದನ್ನು ನೆನಪಿಸಿದರಂತೆ. ಅಜ್ಜಾರು ಕೇಳುತ್ತಿದ್ದುದು ಪ್ರಯತ್ನಪಡುವ ಆ ಅವಕಾಶವನ್ನೇ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕೊಪ್ಪಳಕ್ಕೆ ಮನೆ ಬಿಟ್ಟವರು ಹೊಸಬರಲ್ಲ. ಹಳೆಯ ಶಾಸನಗಳಲ್ಲಿ ಕೊಪಣವೆಂದು ಕರೆಸಿಕೊಂಡ ಈ ಊರು ಜೈನರ ಮಹಾತೀರ್ಥವಾಗಿತ್ತು. ಎಲ್ಲವನ್ನೂ ತೊರೆದು, ಆಹಾರವನ್ನು ಕ್ರಮೇಣ ಬಿಡುವ ಸಲ್ಲೇಖನ ವ್ರತದಿಂದ ದೇಹ ಬಿಡುವುದಕ್ಕೆ ಇಲ್ಲಿಗೆ ಬಂದವರಿದ್ದರು. ವಿರಕ್ತರ ಪರಂಪರೆಯೂ ಇಲ್ಲಿ ಗಟ್ಟಿಯಾಗಿದೆ. ಇಂಥ ನೆಲದಲ್ಲಿ ಬೆಳೆದ ನಮಗೆ, ಮನೆಯಿಲ್ಲದ ಯಾರನ್ನು ಕಂಡರೂ ಮನೆ ತೊರೆದವರ ನೆನಪಾಗುವುದು ಸಹಜ. ಆದರೆ ಅಜ್ಜಾರು ಮನೆಯನ್ನು ತೊರೆದವರಲ್ಲ, ಕಳೆದುಕೊಂಡವರು. ಮಳೆಯಿಲ್ಲದ ವರ್ಷಗಳಲ್ಲಿ ಈ ಭಾಗದ ಸಾವಿರಾರು ಜನರಂತೆ ಗುಳೆ ಹೋಗಿ, ದೂರದ ಊರುಗಳಲ್ಲಿ ಗೋಡೆ ಕಟ್ಟಿ, ಹೆಂಡತಿ ತೀರಿದ ಮೇಲೆ ಹಳ್ಳಿಗೆ ಮರಳಿದಾಗ ಮಣ್ಣಿನ ಮನೆ ಕುಸಿದಿತ್ತು, ಜಾಗ ದಾಯಾದಿಗಳ ಪಾಲಾಗಿತ್ತು. ಇಷ್ಟನ್ನು ಅವರು ಅಕ್ಕಾರಿಗೆ ಹೇಳಿದ್ದಾರೆ, ಹೆಚ್ಚು ಹೇಳಿಲ್ಲ. ಕಳೆದುಕೊಂಡವರ ನೋವಿಗೆ ತ್ಯಾಗದ ಹೆಸರು ಕೊಟ್ಟರೆ, ಆ ನಷ್ಟಕ್ಕೆ ಕಾರಣವಾದದ್ದನ್ನು ಕೇಳುವ ಅಗತ್ಯವೇ ಉಳಿಯುವುದಿಲ್ಲ. ನಮ್ಮ ಸತ್ಸಂಗಗಳು ಎಚ್ಚರದಿಂದಿರಬೇಕಾದದ್ದು ಇಲ್ಲಿಯೇ.

ನಡೆದದ್ದು

ಬಳಗ ಕೊನೆಗೆ ಹೀಗೆ ತೀರ್ಮಾನಿಸಿತು: ಸ್ನಾನದ ನೇಮವನ್ನು ಸಡಿಲಿಸುವುದು ಬೇಡ, ಸ್ನಾನಕ್ಕೆ ಅನುಕೂಲ ಮಾಡಿಕೊಡೋಣ. ಸೋಮವಾರ ಮಧ್ಯಾಹ್ನ ಅಕ್ಕಾರ ಮನೆಯ ಹಿತ್ತಲಿನ ಬಚ್ಚಲಲ್ಲಿ ಬಿಸಿನೀರು ಕಾಯತೊಡಗಿತು. ಅಂಗಡಿ ಮಾಲೀಕರು ತಾವಾಗಿಯೇ ಎರಡು ಜೊತೆ ಧೋತರ, ಅಂಗಿ ಕಳಿಸಿದರು. ಎರಡನೆಯ ಕಫ ಪರೀಕ್ಷೆ ಶುದ್ಧವಾಗಿ ಬರುವ ತನಕ ಅಜ್ಜಾರು ಉಂಡೆದ್ದ ಜಾಗ ಗುಡಿಸುವ, ತಟ್ಟೆ ಹೊಂದಿಸಿಡುವ ಕೆಲಸ ಮಾಡಿದರು. ಕಾಯಬೇಕೆಂದು ಅವರಿಗೆ ಹೇಳುವಾಗ ಅಕ್ಕಾರು ರೋಗದ ಹೆಸರನ್ನು ಮುಚ್ಚಿಡಲಿಲ್ಲ, ಕಾರಣವನ್ನು ಪೂರ್ತಿ ವಿವರಿಸಿದರು. ಅದರಿಂದ ಅವರಿಗೆ ಬೇಸರವಾಗಲಿಲ್ಲ.

ಅವರು ಮೊದಲ ಸಲ ನೀಡಿದ ದಿನ ತೊಂದರೆ ಬಂದದ್ದು ನಿರೀಕ್ಷಿಸದ ಕಡೆಯಿಂದ. ಉಣ್ಣಲು ಕುಳಿತವರಲ್ಲಿ ಒಬ್ಬರು ಅಜ್ಜಾರ ಜಾತಿ ಕೇಳಿ, ಅವರ ಕೈಯಿಂದ ಬೇಡವೆಂದು ತಟ್ಟೆ ಹಿಂದೆಳೆದುಕೊಂಡರು. ಬೀದಿಯ ಬದುಕು ಜಾತಿಯನ್ನು ತೊಳೆದುಹಾಕುತ್ತದೆ ಎಂದು ನಂಬಿದ್ದವರಿಗೆ ಇದು ಆಘಾತವಾಯಿತು. ಶಿಕ್ಷಕರು ಮುಂದೆ ಬಂದು, ಅಜ್ಜಾರ ಕೈಯಿಂದ ತಮ್ಮ ಅಂಗೈಗೆ ನುಚ್ಚು ಹಾಕಿಸಿಕೊಂಡು ಎಲ್ಲರೆದುರು ಅಲ್ಲಿಯೇ ಉಂಡರು. ಅಜ್ಜಾರು ನೀಡುವುದನ್ನೇ ವಿರೋಧಿಸಿದ್ದ ಅವರು ಹಾಗೆ ಮಾಡಿದ್ದನ್ನು ಬಳಗದವರೆಲ್ಲ ಇಂದಿಗೂ ಹೇಳುತ್ತಾರೆ. ಬೇಡವೆಂದವರು ಅಂದು ಉಣ್ಣದೆ ಎದ್ದುಹೋದರು, ಮುಂದಿನ ಸೋಮವಾರ ಬಂದರು, ಬೇರೆಯವರ ಕೈಯಿಂದ ಇಸಿದುಕೊಂಡರು. ಬಳಗ ಅವರನ್ನು ಹೊರಗಿಡಲಿಲ್ಲ. ಅದು ಸರಿಯೇ ಎಂಬ ಬಗ್ಗೆ ಅವರಲ್ಲಿ ಇನ್ನೂ ಮಾತು ನಡೆಯುತ್ತಿದೆ. ನನ್ನ ಮಟ್ಟಿಗೆ, ಹಸಿದವರಿಗೆ ಶರತ್ತು ಹಾಕದಿದ್ದದ್ದು ಸರಿ, ಆದರೆ ಅವರ ಅನುಕೂಲಕ್ಕಾಗಿ ಅಜ್ಜಾರನ್ನು ಸಾಲಿನಿಂದ ಸರಿಸಿದ್ದರೆ ಅದು ಘೋರ ತಪ್ಪಾಗುತ್ತಿತ್ತು.

ಪಡಸಾಲೆಯ ಪದ್ಧತಿಯೂ ಬದಲಾಯಿತು. ಈಗ ಏನು ಕಲಿತಿರಿ ಎಂಬುದಕ್ಕಿಂತ ಮೊದಲು, ಯಾರ ಹತ್ತಿರ ಕುಳಿತಿರಿ, ಏನು ಕೇಳಿದಿರಿ, ಅವರು ಏನು ಹೇಳಿದರು ಎಂಬುದನ್ನು ಹೇಳಬೇಕು. ಯಾರೊಂದಿಗೂ ಮಾತಾಡದವರು ಅಂದು ಪಾಠ ಹೇಳುವಂತಿಲ್ಲ. ಯಾರನ್ನೇ ಆಗಲಿ ಹೊರಗೆ ಉದಾಹರಣೆಯಾಗಿ ಹೇಳುವ ಮೊದಲು ಅವರನ್ನೇ ಕೇಳಬೇಕು. ಹೀಗೆ ಕೇಳತೊಡಗಿದ ಮೇಲೆ ತಿಳಿದುಬಂದ ಸಂಗತಿಗಳಲ್ಲಿ ಒಂದು, ಅಜ್ಜಾರು ತಮ್ಮ ಹಳ್ಳಿಯ ಭಜನಾ ಮೇಳದಲ್ಲಿ ತಾಳ ಹಾಕುತ್ತಿದ್ದವರು, ಹತ್ತಾರು ತತ್ವಪದಗಳು ಅವರಿಗೆ ಬಾಯಿಪಾಠ ಎಂಬುದು. ಪ್ರತಿ ಅಮವಾಸ್ಯೆ ಅವರು ನಡೆದುಕೊಂಡೇ ಗವಿಮಠಕ್ಕೆ ಹೋಗಿ ಬರುತ್ತಿದ್ದರು. ಅವರಿಂದ ಇಷ್ಟೊಂದು ಪಾಠ ತೆಗೆದವರಿಗೆ, ಅವರಿಗೂ ತಮ್ಮದೇ ಆದ ಒಂದು ಸಾಧನೆ, ದೇವರೊಂದಿಗೆ ತಮ್ಮದೇ ಒಂದು ಜಗಳ ಇರಬಹುದೆಂದು ಹೊಳೆದೇ ಇರಲಿಲ್ಲ. ಈಗ ಅವರೂ ಪಡಸಾಲೆಯಲ್ಲಿ ಕುಳಿತುಕೊಳ್ಳುತ್ತಾರೆ. ಹೆಂಡತಿ ಸತ್ತ ವರ್ಷ ತಾವು ಭಜನೆ ಬಿಟ್ಟದ್ದನ್ನೂ, ಮತ್ತೆ ಹಾಡಲು ಮನಸ್ಸು ಬರದಿರುವುದನ್ನೂ ಒಮ್ಮೆ ಹೇಳಿದರು. ಯಾರೂ ಸಮಾಧಾನ ಹೇಳಲು ಮುಂದಾಗಲಿಲ್ಲ, ಅದು ಒಳ್ಳೆಯದಾಯಿತು.

ಉಳಿದಿರುವುದು

ಔಷಧದ 6 ತಿಂಗಳು ಮುಗಿದು ಅಜ್ಜಾರು ಗುಣಮುಖರಾಗಿದ್ದಾರೆ, ಆದರೆ ಇನ್ನೂ ನಿಲ್ದಾಣದ ಬಳಿಯೇ ಮಲಗುತ್ತಾರೆ. ನಗರದ ವಸತಿರಹಿತರಿಗಾಗಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ರೂಪುಗೊಂಡ ಯೋಜನೆಯ ಅಳತೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಆಶ್ರಯ ಎಂದಿತ್ತು. ಸರ್ಕಾರಿ ಆಶ್ರಯ ಎಂದೊಡನೆ ಅಜ್ಜಾರಿಗೆ ನೆನಪಾಗುವುದು ಬೇರೆಯದು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದೊಯ್ಯುವ ವಾಹನದ ಭಯ ಅವರಿಗೆ ಈಗಲೂ ಇದೆ, ತಾವು ಎಂದೂ ಕೈಯೊಡ್ಡಿದವರಲ್ಲವಾದರೂ. ಆ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಉಪಕರವನ್ನು ಮನೆಯಿರುವ ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ಆ ಹಣ ಯಾರಿಗಾಗಿ, ಹೇಗೆ ಖರ್ಚಾಗುತ್ತಿದೆ ಎಂದು ವಿಚಾರಿಸುವುದೂ ದಾಸೋಹದ ಒಂದು ಭಾಗವೇ ಎಂದು ಬ್ಯಾಂಕಿನ ತರುಣಿ ಬಳಗದ ಮುಂದಿಟ್ಟಿದ್ದಾರೆ.

65 ವರ್ಷ ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಸಿಗುವ ಸಂಧ್ಯಾ ಸುರಕ್ಷಾ ಯೋಜನೆಗೆ ಅಜ್ಜಾರ ಅರ್ಜಿ ಹೋಗಿದೆ. ವಿಳಾಸದ ಜಾಗದಲ್ಲಿ ಅಕ್ಕಾರ ಮನೆಯ ವಿಳಾಸವಿದೆ. ಅದನ್ನು ಬರೆಸಲು ಅಕ್ಕಾರ ಯಜಮಾನರು ಮೊದಲು ಒಪ್ಪಿರಲಿಲ್ಲ, ಆಮೇಲೆ ಒಪ್ಪಿದರು. ಶಿಕ್ಷಕರು ಮಾತ್ರ, ಉಣ್ಣಲು ಬಂದವರಿಂದ ಸೇವೆ ಮಾಡಿಸಿಕೊಳ್ಳುವುದು ತಮಗೆ ಈಗಲೂ ಒಗ್ಗುವುದಿಲ್ಲ ಎನ್ನುತ್ತಾರೆ. ಸೋಮವಾರ ಅಜ್ಜಾರು ನೀಡುವಾಗ ಅವರು ಸಾಲಿನಲ್ಲಿ ಉಣ್ಣುವವರ ಜೊತೆ ಕುಳಿತುಬಿಡುತ್ತಾರೆ.